ಕಾಲುವೆ ಇರೋ ಕಡೆ ಕಬ್ಬು, ಕಾಲುವೆ ಇಲ್ಲದ ಕಡೆ ಹಾಲು: ಮಂಡ್ಯ ಮತ್ತು ಕೋಲಾರದ ನೀರಿನ ಲೆಕ್ಕ

ನಂದಿನಿ ಹಾಲಿನ ರೇಟ್ ಏರಿದಾಗಲೆಲ್ಲ ಒಂದೇ ಜಗಳ ನಡೆಯುತ್ತೆ. 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಜಾಸ್ತಿ ಆದಾಗಲೂ ಹಂಗೇ ಆಯ್ತು, ಸಿಟಿಯವರು ಇನ್ನೆಷ್ಟು ಅಂತ ಏರಿಸ್ತೀರಾ ಅಂದ್ರು, ಹಾಲು ಹಾಕೋರು ಫೀಡು ಬೂಸಾ ರೇಟ್ ನೋಡಿದ್ರೆ ಇದು ಏನಕ್ಕೂ ಸಾಲಲ್ಲ ಅಂದ್ರು. ಎರಡೂ ಕಡೆ ಮಾತಾಡೋದು ಫೀಡು, ಡೀಸೆಲ್ಲು, ಸಬ್ಸಿಡಿ ಬಗ್ಗೆ ಮಾತ್ರ. ನೀರಿನ ಸುದ್ದಿಯೇ ಬರಲ್ಲ. ಹಾಲು ಅಂದ್ರೆ ಮೇವು, ಮೇವು ಅಂದ್ರೆ ನೀರು ಅಂತ ಎಲ್ರಿಗೂ ಗೊತ್ತು, ಆದ್ರೂ ಆ ನೀರು ಎಲ್ಲಿಂದ ಬರ್ತಿದೆ, ಅದಕ್ಕೆ ಯಾರು ದುಡ್ಡು ಕೊಡ್ತಿದಾರೆ ಅಂತ ಕೇಳೋರು ಕಮ್ಮಿ.

ನಮ್ಮಲ್ಲಿ ಒಂದು ಸುಲಭದ ನಂಬಿಕೆ ಇದೆ. ಡ್ಯಾಮ್ ಕಟ್ಟಿದ್ರೆ ನೀರು, ನೀರು ಬಂದ್ರೆ ಮೇವು, ಮೇವಿದ್ರೆ ಹಸು, ಹಸು ಇದ್ರೆ ಹಾಲು. ರಾಜಕಾರಣಿಗಳ ಭಾಷಣದಲ್ಲಂತೂ ಇದು ಖಾಯಂ ಐಟಂ. ಹಳೇ ಮೈಸೂರಿನ ಎರಡು ಜಿಲ್ಲೆ ಎದುರು ಬದುರು ಇಟ್ಟು ನೋಡಿ, ಮಂಡ್ಯ ಮತ್ತು ಕೋಲಾರ, ಈ ಸರಪಳಿ ಎಲ್ಲೆಲ್ಲಿ ಕಳಚಿಕೊಳ್ಳುತ್ತೆ ಅಂತ ಗೊತ್ತಾಗುತ್ತೆ. ಒಂದಕ್ಕೆ ಕಾವೇರಿ ಇದೆ, ಕೆಆರ್‌ಎಸ್ ಇದೆ, ನಾಲೆ ಇದೆ. ಇನ್ನೊಂದಕ್ಕೆ ವರ್ಷಪೂರ್ತಿ ಹರಿಯೋ ಹೊಳೆ ಒಂದೂ ಇಲ್ಲ. ಹಾಲಿನ ಜಿಲ್ಲೆ ಅಂತ ಮೊದಲು ಹೆಸರು ಮಾಡಿದ್ದು ಮಾತ್ರ ಆ ಎರಡನೇದು.

ಮೊದಲು ಮಂಡ್ಯ ನೋಡೋಣ. ಕನ್ನಂಬಾಡಿ ಕಟ್ಟೆ (ಅದೇ ಕೆಆರ್‌ಎಸ್) ಕೆಲಸ ಶುರುವಾಗಿದ್ದು 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲ, ಚೀಫ್ ಎಂಜಿನಿಯರ್ ಆಗಿದ್ದೋರು ವಿಶ್ವೇಶ್ವರಯ್ಯ. ಸಿಮೆಂಟ್ ಇಲ್ಲದೆ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು ಅನ್ನೋದನ್ನ ಎಲ್ರೂ ಹೇಳ್ತಾರೆ, ಆದ್ರೆ ಅದನ್ನ ಕಟ್ಟಿದ್ದು ಯಾಕೆ ಅನ್ನೋದು ಅರ್ಧ ಜನಕ್ಕೆ ಮರೆತೇ ಹೋಗಿದೆ. ವ್ಯವಸಾಯ ಒಂದು ಕಾರಣ, ಕರೆಂಟು ಇನ್ನೊಂದು. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಉತ್ಪಾದನೆ ಶುರುವಾಗಿತ್ತು, ಆ ಕರೆಂಟು ಹೋಗ್ತಿದ್ದದ್ದು ಕೋಲಾರದ ಚಿನ್ನದ ಗಣಿಗೆ. ಬೇಸಿಗೆಯಲ್ಲಿ ಹೊಳೆ ಸೊರಗಿದ್ರೆ ಗಣಿಗೆ ಕರೆಂಟಿಲ್ಲ, ಅದಕ್ಕೆ ಮೇಲೆ ನೀರು ಹಿಡಿದಿಟ್ಟು ವರ್ಷಪೂರ್ತಿ ಬಿಡೋ ಒಂದು ಕಟ್ಟೆ ಬೇಕಿತ್ತು. ಅಂದ್ರೆ ಕಾವೇರಿ ಕೋಲಾರಕ್ಕೆ ನೂರಿಪ್ಪತ್ತು ವರ್ಷದ ಹಿಂದೆಯೇ ಬಂದಿದಾಳೆ, ಆದ್ರೆ ತಂತಿಯಲ್ಲಿ. ಇನ್ನೊಂದು ದಾರಿಯಲ್ಲೂ ಬಂದಿದಾಳೆ, ಅದನ್ನ ಆಮೇಲೆ ಹೇಳ್ತೀನಿ.

1930ರ ದಶಕದ ಶುರುವಿಗೆ ಕಟ್ಟೆ ಮುಗೀತು, 124.8 ಅಡಿಗೆ ಭರ್ತಿ, 49.45 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ ನೀರು). ಅದಕ್ಕೂ ಮುಂಚೆ ಹೊಳೆ ಪಕ್ಕದಲ್ಲಿ ವಿರಿಜಾ, ಚಿಕ್ಕದೇವರಾಯ ಸಾಗರ ಥರದ ಹಳೇ ನಾಲೆಗಳಿದ್ದವು, ಅವುಗಳ ಕೆಳಗೆ ಭತ್ತ ಇತ್ತು. ಆದ್ರೆ ಮಂಡ್ಯ ಮದ್ದೂರಿನ ಒಣ ಬಯಲನ್ನ ನಾವು ಇವತ್ತು ನೋಡ್ತಿರೋ ಹಸಿರು ಮಾಡಿದ್ದು ಇರ್ವಿನ್ ನಾಲೆ, ಈಗ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅಂತೀವಲ್ಲ ಅದು. ಹುಲಿಕೆರೆ ಹತ್ರ ಗುಡ್ಡ ಕೊರೆದು ಸುರಂಗದಲ್ಲಿ ನೀರು ತಂದ್ರು. ರಾಗಿ, ಹುರುಳಿ ಬೆಳೆಯೋ ಹೊಲ ಗದ್ದೆ ಆಯ್ತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ಅಂದ್ರೆ ಮೈಶುಗರ್, ಬಂತು, ಕೃಷಿ ಇಲಾಖೆಯ ಡೈರೆಕ್ಟರ್ ಆಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದರ ಹಿಂದೆ ಇದ್ದೋರು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯ್ತು. ಒಂದು ನಾಲೆ ಮತ್ತು ಒಂದು ಫ್ಯಾಕ್ಟರಿ ಸೇರಿ ಒಂದು ಜಿಲ್ಲೆ ಹುಟ್ಟಿಸಿದವು ಅಂದ್ರೆ ಜಾಸ್ತಿ ಹೇಳಿದಂಗೇನೂ ಆಗಲ್ಲ.

ಇಲ್ಲಿ ಒಂದು ವಿಷಯ ಸ್ವಲ್ಪ ನಿಂತು ನೋಡಬೇಕು. ವಿಶ್ವೇಶ್ವರಯ್ಯ ಬಾಂಬೆ ಪ್ರಾಂತ್ಯದಲ್ಲಿದ್ದಾಗ ನೀರಾ ಕಾಲುವೆ ಕೆಳಗೆ ಬ್ಲಾಕ್ ಪದ್ಧತಿ ಅಂತ ಒಂದು ಮಾಡಿದ್ರು, ಕಾವೇರಿ ನಾಲೆಗೂ ಅದೇ ಐಡಿಯಾ ಬಂತು. ಜಮೀನನ್ನ ಬ್ಲಾಕ್ ಮಾಡಿ, ಒಂದು ಭಾಗ ಕಬ್ಬು, ಒಂದು ಭಾಗ ಭತ್ತ, ಇನ್ನೊಂದು ಭಾಗ ರಾಗಿ ಥರದ ಕಮ್ಮಿ ನೀರಿನ ಬೆಳೆ, ಮೂರು ವರ್ಷಕ್ಕೊಂದು ಸುತ್ತು. ನೀರು ಹೆಚ್ಚು ಜನಕ್ಕೆ ಹಂಚಿಕೆಯಾಗುತ್ತೆ, ಭೂಮಿಯೂ ಜೌಗು ಹಿಡಿಯಲ್ಲ. ಕಾಗದದ ಮೇಲೆ ಬಹಳ ಚಂದದ ಪ್ಲಾನು, ಗದ್ದೆಯಲ್ಲಿ ನಿಲ್ಲಲಿಲ್ಲ. ನಾಲೆ ಮೊದಲಲ್ಲಿರೋನು ತೂಬು ಪಕ್ಕದಲ್ಲೇ ಇದಾನೆ, ಫ್ಯಾಕ್ಟರಿಯೋರು ಕಬ್ಬು ತಗೋತಾರೆ, ಅವನು ಮೂರು ವರ್ಷಕ್ಕೊಂದ್ಸಲ ರಾಗಿ ಯಾಕೆ ಹಾಕ್ತಾನೆ? ಕಬ್ಬು ಭತ್ತ, ಭತ್ತ ಕಬ್ಬು ಅಂತ ಆಗೋಯ್ತು. ಕೊನೆ ಭಾಗದ ಮಳವಳ್ಳಿ ಕಡೆಯೋರು ಪ್ರತಿ ವರ್ಷ ನೀರು ತಲುಪಿಲ್ಲ ಅಂತ ರೋಡಿಗೆ ಇಳಿಯೋದು ಇದರಿಂದಲೇ. ನಾಲೆಯಲ್ಲಿ ನೀರು ಕಮ್ಮಿ ಇರೋದಷ್ಟೇ ಕಾರಣ ಅಂತ ಅಧಿಕಾರಿಗಳು ಹೇಳ್ತಾರೆ, ಅದು ಅರ್ಧ ಸತ್ಯ, ಮೇಲಿನೋರ ಬೆಳೆ ಯಾವುದು ಅನ್ನೋದು ಉಳಿದರ್ಧ.

ಕಬ್ಬಿನ ತೊಂದರೆ ನೀರು ಕುಡಿಯೋದು ಒಂದೇ ಅಲ್ಲ, ದುಡ್ಡು ಬರೋ ರೀತಿ. ಹನ್ನೆರಡು ತಿಂಗಳು ಕಾಯಬೇಕು, ಆಮೇಲೆ ಕಟಾವಿಗೆ ಪರ್ಮಿಟ್ ಸಿಗಬೇಕು, ಆಳು ಸಿಗಬೇಕು, ಫ್ಯಾಕ್ಟರಿ ಓಡ್ತಿರಬೇಕು, ಆಮೇಲೂ ಬಾಕಿ. ಮೈಶುಗರ್ ಹಲವು ವರ್ಷ ನಿಂತು 2022ರಲ್ಲಿ ಮತ್ತೆ ಅರೆಯೋಕೆ ಶುರು ಮಾಡ್ತು, ಪಾಂಡವಪುರದ ಸಹಕಾರಿ ಫ್ಯಾಕ್ಟರಿಯನ್ನ ಲೀಸಿಗೆ ಕೊಡಬೇಕಾಯ್ತು. ನೀರಿರೋ ಜಿಲ್ಲೆಯಲ್ಲೇ 2015ರಲ್ಲಿ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ಆದವು, ಆಗ ಬಹಳ ಜನಕ್ಕೆ ಇದು ಅರ್ಥವೇ ಆಗಿರಲಿಲ್ಲ, ಮಂಡ್ಯದಲ್ಲಾ ಅಂತ ಕೇಳಿದ್ರು. ಹೌದು, ಮಂಡ್ಯದಲ್ಲೇ. ನೀರು ಇದ್ದಿದ್ದಕ್ಕೇ ಸಾಲ ಸಿಕ್ತು, ಸಾಲ ಸಿಕ್ಕಿದ್ದಕ್ಕೇ ಒಂದೇ ಬೆಳೆ ಮೇಲೆ ಎಲ್ಲಾ ಹಾಕಿದ್ರು.

ಮಂಡ್ಯದಲ್ಲಿ ಹಾಲು ಬೆಳೆದದ್ದು ಈ ಸಂದಿನಲ್ಲಿ ಅಂತ ನನ್ನ ಅಭಿಪ್ರಾಯ. ಮಂಡ್ಯದ ಹಾಲು ಒಕ್ಕೂಟ ಮನ್‌ಮುಲ್ ಇವತ್ತು ರಾಜ್ಯದ ದೊಡ್ಡ ಒಕ್ಕೂಟಗಳಲ್ಲಿ ಒಂದು, ಗೆಜ್ಜಲಗೆರೆ ಡೈರಿ ಯಾರಿಗೆ ಗೊತ್ತಿಲ್ಲ. ಇದನ್ನೆಲ್ಲ ನಾಲೆಯ ವರ ಅಂತ ನೇರವಾಗಿ ಹೇಳೋಕಾಗಲ್ಲ. ಕಬ್ಬಿನ ಸೋಗೆ, ಬದುವಿನ ಹುಲ್ಲು, ಭತ್ತದ ಹುಲ್ಲು ಸಿಗೋದು ಅನುಕೂಲ ಹೌದು, ಆದ್ರೆ ಹಸು ಕಟ್ಟಿದ ಮುಖ್ಯ ಕಾರಣ ಮನೆ ಖರ್ಚಿಗೆ ವಾರಕ್ಕೋ ಹದಿನೈದು ದಿನಕ್ಕೋ ಕೈಗೆ ಬರೋ ಬಟವಾಡೆ. ಫ್ಯಾಕ್ಟರಿ ದುಡ್ಡು ಬಂದಾಗ ಬರಲಿ, ಅಲ್ಲೀವರೆಗೂ ಅಂಗಡಿ ಸಾಲ, ಸ್ಕೂಲ್ ಫೀಸು ಹಾಲಿನ ದುಡ್ಡಲ್ಲಿ ನಡೀತದೆ. ಆ ದುಡ್ಡಿನ ಹಿಂದಿರೋ ದುಡಿಮೆ ಬಹುತೇಕ ಹೆಂಗಸರದು, ಪಾಸ್‌ಬುಕ್ಕಲ್ಲಿ ಮಾತ್ರ ಎಷ್ಟೋ ಕಡೆ ಗಂಡನ ಹೆಸರು.

ಈಗ ಕೋಲಾರ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎಲ್ಲಾ ನಂದಿ ಬೆಟ್ಟದ ಸುತ್ತಮುತ್ತ ಹುಟ್ಟೋ ಹೊಳೆಗಳು, ಹುಟ್ಟೋದಿಲ್ಲಿ, ಹರಿಯೋದು ಬೇರೆಯವರ ಊರಿಗೆ. ಇಲ್ಲಿನ ನೀರಾವರಿ ಅಂದ್ರೆ ಕೆರೆ. ಒಂದರ ಕೋಡಿ ನೀರು ಇನ್ನೊಂದಕ್ಕೆ, ಅದರದ್ದು ಮತ್ತೊಂದಕ್ಕೆ, ಸಾವಿರಾರು ಕೆರೆ, ತೂಬು ಎತ್ತೋಕೆ ನೀರುಗಂಟಿ. ದೊಡ್ಡ ಅಣೆಕಟ್ಟು ಯಾಕೆ ಬರಲಿಲ್ಲ ಅಂದ್ರೆ ಒಂದು, ಹೊಳೆಯಲ್ಲಿ ಅಷ್ಟು ನೀರಿಲ್ಲ. ಎರಡು, 1892ರಲ್ಲಿ ಮದ್ರಾಸ್ ಮತ್ತು ಮೈಸೂರಿನ ನಡುವೆ ಆದ ಒಪ್ಪಂದ, ಪಟ್ಟಿಯಲ್ಲಿರೋ ಹೊಳೆಗಳ ಮೇಲೆ ಹೊಸದಾಗಿ ಏನು ಕಟ್ಟಬೇಕಾದ್ರೂ ಕೆಳಗಿನ ಮದ್ರಾಸಿನ ಒಪ್ಪಿಗೆ ಬೇಕು. ಕಾವೇರಿ ವಿಷಯಕ್ಕೆ ನಾವು 1924ರ ಒಪ್ಪಂದ ಅಂತ ಕೂಗ್ತೀವಿ, ಕೋಲಾರದೋರ ಪಾಲಿಗೆ 1892 ಇನ್ನೂ ದೊಡ್ಡ ಹೊಡೆತ, ಅದಕ್ಕೊಂದು ಬಂದ್ ಕೂಡ ಯಾರೂ ಮಾಡಿಲ್ಲ.

ಇಂಥ ಕಡೆ ಹಾಲು ಬಂದದ್ದು ಹೆಂಗೆ? ಕೋಲಾರದ ಕಡೆ ಯಾರನ್ನ ಕೇಳಿದ್ರೂ ಎಂ.ವಿ. ಕೃಷ್ಣಪ್ಪ ಅಂತಾರೆ. ನೆಹರೂ ಸರ್ಕಾರದಲ್ಲಿ ಕೃಷಿ ಖಾತೆ ಉಪಮಂತ್ರಿ ಆಗಿದ್ದೋರು, ಡೆನ್ಮಾರ್ಕ್ ಹಸು ತರಿಸಿದೋರು, ಬೆಂಗಳೂರು ಡೈರಿ ಹಿಂದೆ ಇದ್ದೋರು. ಆ ಡೈರಿ ಶುರುವಾಗಿದ್ದು 1965ರಲ್ಲಿ. ಒಬ್ಬರಿಂದಲೇ ಎಲ್ಲಾ ಆಯ್ತು ಅಂತ ನಾನು ನಂಬಲ್ಲ. 1975ರ ಹೊತ್ತಿಗೆ ವಿಶ್ವಬ್ಯಾಂಕ್ ಸಾಲದಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಬಂತು, ದಕ್ಷಿಣದ ಎಂಟು ಜಿಲ್ಲೆಗೆ ಮಾತ್ರ, ಗುಜರಾತಿನ ಆನಂದ್ ಮಾದರಿಯಲ್ಲಿ (ಅಮುಲ್ ಥರ) ಊರೂರಿಗೆ ಹಾಲಿನ ಸೊಸೈಟಿ. 1984ರಲ್ಲಿ ಅದೇ ಕೆಎಂಎಫ್ ಆಯ್ತು, ನಂದಿನಿ ಹಾಲು ಮಾರೋ ರಾಜ್ಯದ ಹಾಲು ಮಹಾಮಂಡಳ. ಕೋಲಾರಕ್ಕೆ ಸಿಕ್ಕ ನಿಜವಾದ ಕಾಲುವೆ ಈ ಸೊಸೈಟಿ ಮತ್ತು ಬೆಂಗಳೂರಿಗೆ ಹೋಗೋ ರೋಡು. ಬೆಳಿಗ್ಗೆ ಹಿಂಡಿದ ಹಾಲು ಅದೇ ದಿನ ಸಿಟಿ ಡೈರಿಗೆ ಮುಟ್ಟುತ್ತೆ, ಹಾಳಾಗೋ ಮಾಲಿಗೆ ಅದಕ್ಕಿಂತ ದೊಡ್ಡ ಸೌಲಭ್ಯ ಇಲ್ಲ.

ಮೇವಿನ ಲೆಕ್ಕವೂ ಆಗ ಸರಿಹೋಗ್ತಿತ್ತು. ರಾಗಿ ಮಳೆಯಲ್ಲಿ ಬೆಳೆಯುತ್ತೆ, ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಒಳ್ಳೆ ಮೇವು, ದನ ಇಷ್ಟಪಟ್ಟು ತಿಂತವೆ, ಮೆದೆ ಹಾಕಿಟ್ರೆ ವರ್ಷ ಬರುತ್ತೆ. ಮಳೆ ಕೈಕೊಟ್ಟು ಕಾಳು ಕಟ್ಟದಿದ್ರೂ ಹುಲ್ಲಾದ್ರೂ ಸಿಗುತ್ತೆ. ಬೆಳೆ ಪೂರ್ತಿ ಹೋದ ವರ್ಷವೂ ಹಸು ಹಾಲು ಕೊಡುತ್ತೆ, ತೀರಾ ಕಷ್ಟ ಆದ್ರೆ ಹಸುವನ್ನೇ ಸಂತೆಗೆ ಹೊಡೀಬಹುದು. ಎರಡು ಮೂರು ಎಕರೆಯ ಖುಷ್ಕಿ ರೈತನಿಗೆ ಹೈನುಗಾರಿಕೆ ಅಂದ್ರೆ ಬರಗಾಲದ ಇನ್ಶೂರೆನ್ಸ್. ನೀರು ಕಮ್ಮಿ ಇದ್ದಿದ್ದಕ್ಕೇ ಹಾಲಿನ ಕಡೆ ಹೋದ್ರು, ಇದು ನಾನು ಈ ಲೇಖನದಲ್ಲಿ ಹೇಳಬೇಕು ಅಂದ್ಕೊಂಡಿರೋ ಮುಖ್ಯ ಮಾತು.

ಇದಕ್ಕೆ ಉಲ್ಟಾ ಸಾಕ್ಷಿ ಬೇಕಂದ್ರೆ ತುಂಗಭದ್ರಾ ಕಡೆ ಒಂದ್ಸಲ ನೋಡಿ. 1953ರಲ್ಲಿ ಡ್ಯಾಮ್ ಆಯ್ತು, ಹುಟ್ಟಿದಾಗ 133 ಟಿಎಂಸಿ, ಹೂಳು ತುಂಬಿ ಈಗ 105ರ ಆಸುಪಾಸು, ಹಂಗಿದ್ರೂ ಕೆಆರ್‌ಎಸ್‌ನ ಎರಡರಷ್ಟು. ಎಡದಂಡೆ ಕಾಲುವೆ ಕೆಳಗೆ ಗಂಗಾವತಿ, ಸಿಂಧನೂರು, ಕಣ್ಣು ಹಾಯೋವರೆಗೂ ಭತ್ತ. ಪ್ಲಾನಲ್ಲಿ ಇದ್ದದ್ದು ಬಹುಪಾಲು ಅರೆ ನೀರಾವರಿ ಬೆಳೆ, ಜೋಳ ಹತ್ತಿ ಶೇಂಗಾ ಥರದ್ದು, ಆಗಿದ್ದು ಸೋನಾ ಮಸೂರಿ. ಮೇಲಿನೋರು ಭತ್ತ ಹಾಕಿದ್ರು, ಕೆಳಗೆ ರಾಯಚೂರು ಕಡೆಯೋರಿಗೆ ನೀರಿಲ್ಲ, ಮಧ್ಯದಲ್ಲಿ ಒಂದಿಷ್ಟು ಭೂಮಿ ಸವಳು. ಅಷ್ಟೊಂದು ನೀರಿದ್ರೂ ಹಾಲಿನ ಲೆಕ್ಕದಲ್ಲಿ ಆ ಭಾಗ ದಕ್ಷಿಣದ ಹತ್ರಕ್ಕೂ ಬರಲ್ಲ. ಡೈರಿ ಯೋಜನೆ ಅಲ್ಲಿಗೆ ತಡವಾಗಿ ಹೋಯ್ತು, ಬೆಂಗಳೂರಿನಂಥ ಮಾರ್ಕೆಟ್ ಪಕ್ಕದಲ್ಲಿಲ್ಲ, ಬಿಸಿಲಿಗೆ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್, ಸೀಮೆ ತಳಿ) ಹಸು ತಡೆಯಲ್ಲ, ಎಮ್ಮೆಯೇ ಜಾಸ್ತಿ. ಜೊತೆಗೆ ಎರಡು ಬೆಳೆ ಭತ್ತ ತೆಗೆಯೋನಿಗೆ ಹಸು ಹಿಂದೆ ಓಡೋ ಗರಜು ಇಲ್ಲ, ಮಷೀನಲ್ಲಿ ಕೊಯ್ಲು ಮಾಡಿಸಿದ್ಮೇಲೆ ಹುಲ್ಲನ್ನ ಗದ್ದೆಯಲ್ಲೇ ಸುಡೋರೂ ಇದಾರೆ. ಅತ್ತ ಹುಲ್ಲು ಸುಡ್ತಾರೆ, ಇತ್ತ ಬರ ಬಂದ ವರ್ಷ ಹುಲ್ಲಿಗೆ ಬಾಯಿ ಬಿಡ್ತೀವಿ.

ಇಷ್ಟು ಕೇಳಿದ್ರೆ ಕೋಲಾರದ್ದು ನೀರಿಲ್ಲದೆ ಗೆದ್ದ ಕಥೆ ಅನ್ಸುತ್ತೆ. ಅಲ್ಲ. ನೀರು ಬಂತು, ಆದ್ರೆ ಕೆಳಗಿನಿಂದ ಬಂತು.

ರಾಗಿ ಹುಲ್ಲು ತಿಂದು ಎರಡು ಮೂರು ಲೀಟರ್ ಕೊಡ್ತಿದ್ದ ನಾಟಿ ಹಸು ಜಾಗಕ್ಕೆ ಸೀಮೆ ಹಸು ಬಂತು. ಅದಕ್ಕೆ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕೆಜಿ ಹಸಿ ಮೇವು, ಬೇಸಿಗೆಯಲ್ಲಿ ಕುಡಿಯೋಕೆ ನೂರು ಲೀಟರ್ ಹತ್ರ ನೀರು, ಕೊಟ್ಟಿಗೆ ತೊಳೆಯೋಕೆ ಬೇರೆ. ಹಸಿ ಮೇವು ಬೇಸಿಗೆಯಲ್ಲೂ ಬೇಕು ಅಂದ್ರೆ ಸೀಮೆ ಹುಲ್ಲು, ಮುಸುಕಿನ ಜೋಳ, ಇವಕ್ಕೆ ಬೋರು. ಹಿಪ್ಪುನೇರಳೆಗೆ ಬೋರು, ಟೊಮೆಟೊಗೆ ಬೋರು. ಕೆರೆ ನೀರಿನ ಜವಾಬ್ದಾರಿ ಊರಿನದು, ಬೋರು ನನ್ನದು ಅಂತ ಆದಮೇಲೆ ನೀರುಗಂಟಿ ಕೆಲಸ ಹೋಯ್ತು, ರಾಜಕಾಲುವೆ ಒತ್ತುವರಿ ಆಯ್ತು, ಕೆರೆ ಅಂಗಳದಲ್ಲಿ ಜಾಲಿ ಬೆಳೀತು. 1980ರ ದಶಕದ ಸಾಮಾಜಿಕ ಅರಣ್ಯದ ಹೆಸರಲ್ಲಿ ನೀಲಗಿರಿ ಬೇರೆ ಹಬ್ಬಿಸಿದ್ರು, 2017ರಲ್ಲಿ ಸರ್ಕಾರವೇ ಅದನ್ನ ನೆಡಬಾರದು ಅಂತ ನಿಷೇಧ ಹಾಕಬೇಕಾಯ್ತು. ಬೋರು ಸಾವಿರ ಅಡಿ ದಾಟಿ ಸಾವಿರದೈನೂರಕ್ಕೆ ಹೋಯ್ತು, ಸಿಕ್ಕ ನೀರಲ್ಲಿ ಫ್ಲೋರೈಡ್.

ಪಂಪ್‌ಸೆಟ್ಟಿಗೆ 10 ಎಚ್‌ಪಿವರೆಗೆ ಕರೆಂಟು ಫ್ರೀ. ಇದು ಬೇಡ ಅಂತ ನಾನು ಹೇಳ್ತಿಲ್ಲ, ನಾಲೆ ರೈತನಿಗೆ ಸರ್ಕಾರವೇ ಡ್ಯಾಮ್ ಕಟ್ಟಿ ಬಾಗಿಲಿಗೆ ನೀರು ಕೊಟ್ಟಿರುವಾಗ ಬೋರು ರೈತ ಮಾತ್ರ ಕರೆಂಟು ಬಿಲ್ ಕಟ್ಟಬೇಕು ಅನ್ನೋದು ಅನ್ಯಾಯ. ಆದ್ರೆ ಇದರಿಂದ ಆಗೋದೇನು ಅಂದ್ರೆ ಹಾಲಿನ ಉತ್ಪಾದನಾ ವೆಚ್ಚ ಅಂತ ಲೆಕ್ಕ ಹಾಕುವಾಗ ನೀರಿನ ಖಾನೆಯಲ್ಲಿ ಸೊನ್ನೆ ಬೀಳುತ್ತೆ. ಬೋರು ಕೊರೆಸಿದ ಸಾಲ, ಫೇಲ್ ಆದ ಬೋರಿನ ಸಾಲ, ಸುಟ್ಟ ಮೋಟ್ರು, ಕೇಬಲ್ಲು, ಇವು ರೈತನ ತಲೆ ಮೇಲೆ. ಸೊಸೈಟಿ ಚೀಟಿಯಲ್ಲಿ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಘನಾಂಶ) ಇರುತ್ತೆ, ಬೋರಿನ ಆಳ ಇರಲ್ಲ.

ಒಂದು ಲೀಟರ್ ಹಾಲಿಗೆ ಜಗತ್ತಿನ ಸರಾಸರಿ ಸಾವಿರ ಲೀಟರ್ ನೀರು ಅಂತ ಒಂದು ಅಂಕಿ ಎಲ್ಲಾ ಕಡೆ ಓಡಾಡುತ್ತೆ. ಅದನ್ನ ಹಿಡ್ಕೊಂಡು ಹೈನುಗಾರಿಕೆ ನೀರು ಹಾಳು ಮಾಡುತ್ತೆ ಅನ್ನೋದು ತಪ್ಪು, ಯಾಕಂದ್ರೆ ಅದರಲ್ಲಿ ದೊಡ್ಡ ಪಾಲು ಮೇವಿನ ಹೊಲದ ಮೇಲೆ ಬೀಳೋ ಮಳೆ ನೀರು. ಮಳೆ ರಾಗಿಯ ಹುಲ್ಲಲ್ಲಿ ಆದ ಹಾಲು, ಬೋರಿನ ಸೀಮೆ ಹುಲ್ಲಲ್ಲಿ ಆದ ಹಾಲು, ಎರಡೂ ಕ್ಯಾನಲ್ಲಿ ಒಂದೇ ಬಣ್ಣ. ಕೋಲಾರ ಮೊದಲನೇದರಿಂದ ಎರಡನೇದಕ್ಕೆ ಜಾರಿದ್ದೇ ಸಮಸ್ಯೆ. 2024ರಲ್ಲಿ ಕೆಎಂಎಫ್ ದಿನಕ್ಕೆ ಒಂದು ಕೋಟಿ ಲೀಟರ್ ದಾಟಿತು ಅಂತ ಖುಷಿಪಟ್ವಿ, ಖುಷಿಪಡೋ ವಿಷಯವೇ, ಆದ್ರೆ ಆ ಕೋಟಿಯಲ್ಲಿ ಎಷ್ಟು ಮಳೆಯದು, ಎಷ್ಟು ನಾಲೆಯದು, ಎಷ್ಟು ಸಾವಿರ ಅಡಿ ಕೆಳಗಿನದು ಅಂತ ಬಿಡಿಸಿ ಹೇಳೋ ಲೆಕ್ಕ ಯಾವ ಪ್ರೆಸ್‌ಮೀಟಲ್ಲೂ ಬರಲ್ಲ.

ಕಾವೇರಿ ಕೋಲಾರಕ್ಕೆ ಬಂದ ಇನ್ನೊಂದು ದಾರಿ ಅಂದೆನಲ್ಲ, ಅದು ಕೆಸಿ ವ್ಯಾಲಿ. ಬೆಂಗಳೂರು ಕುಡಿಯೋದು ಬಹುಪಾಲು ಕಾವೇರಿ ನೀರು, ಬಚ್ಚಲಿಗೆ ಹೋಗೋದೂ ಅದೇ. ಕೋರಮಂಗಲ ಚಲ್ಲಘಟ್ಟ ಕಣಿವೆಯ ಆ ಕೊಳಚೆಯನ್ನ ಎರಡು ಹಂತ ಶುದ್ಧ ಮಾಡಿ ದಿನಕ್ಕೆ 44 ಕೋಟಿ ಲೀಟರ್ ಕೋಲಾರದ ಕೆರೆಗಳಿಗೆ ಪಂಪ್ ಮಾಡೋ ಯೋಜನೆ, 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಪೂರ್ತಿ ಪಂಪ್ ಆದ್ರೆ ವರ್ಷಕ್ಕೆ ಐದೂವರೆ ಟಿಎಂಸಿ ಮೇಲೆ, ಕೆಆರ್‌ಎಸ್‌ನ ಒಂಬತ್ತನೇ ಒಂದು ಭಾಗ ಅಂದ್ಕೊಳ್ಳಿ. ಶುರುವಲ್ಲೇ ನೊರೆ ಬಂತು, ಕೇಸು ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯ್ತು, ತಡೆ ಬಂತು, ತೆರವಾಯ್ತು. ಮೂರನೇ ಹಂತದ ಶುದ್ಧೀಕರಣ ಮಾಡಿ ಅನ್ನೋ ಹೋರಾಟ ಇನ್ನೂ ನಡೀತಿದೆ, ನನ್ನ ಪ್ರಕಾರ ಅದು ನ್ಯಾಯವಾದ ಬೇಡಿಕೆ. ಯಾಕಂದ್ರೆ ಅದೇ ನೀರು ಇಂಗಿ ಬೋರಿಗೆ ಬರುತ್ತೆ, ಬೋರಿಂದ ಮೇವಿಗೆ, ಮೇವಿಂದ ಹಾಲಿಗೆ, ಹಾಲು ವಾಪಸ್ ಬೆಂಗಳೂರಿಗೆ. ಖರ್ಚು ಉಳಿಸೋಕೆ ಹೋದೋರ ಲೋಟಕ್ಕೇ ಬರೋದು ಅದು.

ಅದೇನೇ ಇರಲಿ, ಬತ್ತಿದ ಬೋರುಗಳಲ್ಲಿ ನೀರು ಬಂದಿದೆ, ಅಂತರ್ಜಲ ಏರಿದೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಅಧ್ಯಯನವೂ ಹೇಳಿದೆ, ಯೋಜನೆ ಬೈಯೋರೂ ಇದನ್ನ ಒಪ್ಕೋತಾರೆ. ನಿಯಮದ ಪ್ರಕಾರ ಕೆರೆಯಿಂದ ನೇರ ಮೋಟ್ರು ಇಟ್ಟು ನೀರು ಎತ್ತಂಗಿಲ್ಲ, ಇಂಗೋಕೆ ಮಾತ್ರ. ನಿಯಮ ಎಷ್ಟು ಪಾಲನೆ ಆಗ್ತಿದೆ ಅಂತ ಆ ಕೆರೆ ಏರಿಗಳ ಮೇಲೆ ಒಂದು ರೌಂಡ್ ಹೋದೋರಿಗೆ ಗೊತ್ತು. ಇನ್ನೊಂದು, ಕೆರೆ ತುಂಬಿದ ಕಡೆ ಮತ್ತೆ ಭತ್ತ ಶುರುವಾಗಿದೆ. ವಿ.ಸಿ. ನಾಲೆ ಕೆಳಗೆ, ತುಂಗಭದ್ರಾ ಕೆಳಗೆ ಆಗಿದ್ದೇ ಇಲ್ಲೂ. ನೀರು ಕಣ್ಣಿಗೆ ಕಂಡ ತಕ್ಷಣ ಹೆಚ್ಚು ನೀರಿನ ಬೆಳೆ. ರೈತನನ್ನ ಬೈದು ಪ್ರಯೋಜನ ಇಲ್ಲ, ರಾಗಿಗಿಂತ ಭತ್ತಕ್ಕೆ, ಭತ್ತಕ್ಕಿಂತ ಟೊಮೆಟೊಗೆ ದುಡ್ಡು ಬರೋ ಸಾಧ್ಯತೆ ಇದ್ರೆ ಅವನು ಅದನ್ನೇ ಹಾಕ್ತಾನೆ, ನಾನಿದ್ರೂ ಅದನ್ನೇ ಹಾಕ್ತಿದ್ದೆ.

ನಾಲೆ ಇರೋರೂ ನಿಶ್ಚಿಂತೆಯಾಗಿಲ್ಲ. 2018ರ ಸುಪ್ರೀಂ ಕೋರ್ಟಿನ ಕಾವೇರಿ ತೀರ್ಪಲ್ಲಿ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಅಂತ ಆಯ್ತು, ಟ್ರಿಬ್ಯೂನಲ್ ಕೊಟ್ಟಿದ್ದಕ್ಕಿಂತ ನಮಗೆ 14.75 ಜಾಸ್ತಿ ಸಿಕ್ತು, ಅದರಲ್ಲಿ 4.75 ಬೆಂಗಳೂರಿನ ಕುಡಿಯೋ ನೀರಿನ ಲೆಕ್ಕಕ್ಕೆ. ಒಳ್ಳೆ ಮಳೆ ವರ್ಷ ಇದು ಯಾರಿಗೂ ನೆನಪಿರಲ್ಲ, 2025ರಲ್ಲಿ ಕೆಆರ್‌ಎಸ್ ಜೂನ್‌ನಲ್ಲೇ ತುಂಬಿ ಬಾಗಿನ ಬಿಟ್ಟಾಗ ಯಾರಿಗೆ ನೆನಪಾಗುತ್ತೆ. 2023ರಲ್ಲಿ ನೆನಪಾಯ್ತು. ರಾಜ್ಯದ 236 ತಾಲೂಕಲ್ಲಿ 223 ಬರ, ಕಟ್ಟೆ ನೂರು ಅಡಿ ಆಸುಪಾಸಿಗೆ ಇಳೀತು, ತಮಿಳುನಾಡಿಗೆ ನೀರು ಬಿಡಿ ಅಂತ ಮೇಲಿಂದ ಆದೇಶ, ಇಲ್ಲಿ ಬಂದ್, ಬೇಸಿಗೆ ಬೆಳೆ ಹಾಕಬೇಡಿ ಅಂತ ಸರ್ಕಾರದ ಸೂಚನೆ. ನಾಲೆಗೆ ನೀರು ನಿಂತ್ರೆ ಗದ್ದೆ ಒಣಗೋದು ಟಿವಿಯಲ್ಲಿ ಕಾಣುತ್ತೆ, ಹಸಿ ಮೇವು ನಿಂತು ಹಾಲು ಇಳಿಯೋದು ಕಾಣಲ್ಲ. ಖುಷ್ಕಿ ರೈತ ಮೆದೆ ಒಟ್ಟಿ ಇಟ್ಕೊಂಡಿರ್ತಾನೆ, ನಾಲೆ ರೈತನಿಗೆ ಆ ಅಭ್ಯಾಸವೇ ತಪ್ಪಿಹೋಗಿದೆ, ಬದು ಯಾವಾಗಲೂ ಹಸಿರಾಗಿರುತ್ತೆ ಅನ್ನೋ ನಂಬಿಕೆ. ಮಂಡ್ಯದ ಹೈನುಗಾರಿಕೆಯ ದುರ್ಬಲ ಜಾಗ ಅದೇ.

ಈಗ ಕೋಲಾರ ಚಿಕ್ಕಬಳ್ಳಾಪುರದೋರೆಲ್ಲ ಕಾಯ್ತಿರೋದು ಎತ್ತಿನಹೊಳೆಗೆ, ಪಶ್ಚಿಮ ಘಟ್ಟದ ಹೊಳೆ ನೀರನ್ನ ಈ ಕಡೆ ತರೋ ಯೋಜನೆ. 12,912 ಕೋಟಿ ಇದ್ದ ಅಂದಾಜು 23,251 ಕೋಟಿಗೆ ಏರಿದೆ, 2024ರ ಗೌರಿ ಹಬ್ಬದ ದಿನ ಮೊದಲ ಹಂತಕ್ಕೆ ಚಾಲನೆ ಕೊಟ್ರು. 24.01 ಟಿಎಂಸಿ ಸಿಗುತ್ತೆ ಅನ್ನೋ ಲೆಕ್ಕದ ಮೇಲೇ ತಜ್ಞರ ತಕರಾರಿದೆ. ಸಿಕ್ಕಿತು ಅಂತಲೇ ಇಟ್ಕೊಳ್ಳಿ, ಅದರಲ್ಲಿ 14 ಕುಡಿಯೋಕೆ, ಉಳಿದ ಹತ್ತು 527 ಕೆರೆಗೆ, ಅದೂ ಕೋಲಾರ ಒಂದಕ್ಕೇ ಅಲ್ಲ, ದಾರಿಯಲ್ಲಿ ಹಾಸನ, ತುಮಕೂರು ಎಲ್ಲಾ ಇವೆ. ಕೋಲಾರ ಕೊನೆ ಭಾಗ, ಮಳವಳ್ಳಿ ಥರ.

ಅದಕ್ಕೇ ನನಗೆ ಹೊಸ ಪೈಪ್‌ಲೈನಿಗಿಂತ ಮೇವಿನ ವಿಷಯ ಜಾಸ್ತಿ ಮುಖ್ಯ ಅನ್ಸೋದು. ಒಕ್ಕೂಟಗಳು ಫೀಡಿಗೆ ಸಬ್ಸಿಡಿ ಕೊಡ್ತವೆ, ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತೆ, ಹಾಲು ಹೆಂಗೆ ಆಯ್ತು ಅಂತ ನೋಡದೆ ಎಲ್ರಿಗೂ ಅಷ್ಟೇ. ಅದೇ ದುಡ್ಡಲ್ಲಿ ಒಂದು ಪಾಲನ್ನ ಮಳೆ ರಾಗಿ ಬೆಳೆದು ಹುಲ್ಲು ಉಳಿಸಿಕೊಳ್ಳೋನಿಗೆ, ಮುಂಗಾರಲ್ಲಿ ಜೋಳ ಕತ್ತರಿಸಿ ಸೈಲೇಜ್ (ಗಾಳಿಯಾಡದಂಗೆ ಮುಚ್ಚಿ ಹುದುಗಿಸಿಟ್ಟ ಹಸಿ ಮೇವು) ಮಾಡೋ ಸೊಸೈಟಿಗೆ, ಗಂಗಾವತಿ ಕಡೆ ಸುಡೋ ಹುಲ್ಲನ್ನ ಬೇಲ್ ಕಟ್ಟಿಸಿ ಸಾಗಿಸೋದಕ್ಕೆ ಯಾಕೆ ತಿರುಗಿಸಬಾರದು? ಸಾಗಣೆ ಖರ್ಚು ಇದೆ, ಭತ್ತದ ಹುಲ್ಲಲ್ಲಿ ಸತ್ವ ಕಮ್ಮಿ, ಎಲ್ಲಾ ಗೊತ್ತು, ಬರದ ವರ್ಷಕ್ಕೆ ಅಷ್ಟು ಸಾಕು. ಒಕ್ಕೂಟದ ಎಲೆಕ್ಷನ್ ಹತ್ರ ಬಂದಾಗ ಹಾಲಿನ ರೇಟ್ ಎಷ್ಟು ಏರಿಸ್ತೀರಾ ಅಂತ ಎಲ್ರೂ ಕೇಳ್ತಾರೆ. ಏಪ್ರಿಲ್ ಮೇ ತಿಂಗಳಿಗೆ ಹುಲ್ಲು ಎಲ್ಲಿಂದ ತರ್ತೀರಾ ಅಂತ ನಿಮ್ಮ ಸೊಸೈಟಿ ಡೈರೆಕ್ಟರನ್ನೂ ಒಂದ್ಸಲ ಕೇಳಿ ನೋಡಿ.